ಬನಶಂಕರಿಯ ಗಡಿಗಿ ಮೊಸರು

ಬಾದಾಮಿಯಿಂದ ಚೊಳಚಗುಡ್ಡದ ದಾರಿ ಹಿಡಿದು ಸುಮಾರು ಐದು ಕಿಲೋಮೀಟರು ಬಂದರೆ ಬನಶಂಕರಿ. ಹರಿದ್ರಾ ತೀರ್ಥದ ಹೊಂಡದ ಸುತ್ತಲಿನ ಕಲ್ಲಿನ ಸಾಲುಮಂಟಪ ನೋಡಿಕೊಂಡು, ಗುಡಿಯಲ್ಲಿ ಕೈಮುಗಿದು ಹೊರಬೀಳುವಷ್ಟರಲ್ಲಿ ಹೊತ್ತು ನೆತ್ತಿಗೇರಿರುತ್ತದೆ, ಹೊಟ್ಟೆ ಚುರುಗುಟ್ಟುತ್ತಿರುತ್ತದೆ. ಆಗ ನಾಲ್ಕೂ ಕಡೆಯಿಂದ ಒಂದೇ ಕೂಗು: "ಬರ್ರೀ ಅಣ್ಣಾರ, ಬರ್ರೀ ಅಕ್ಕಾರ, ರೊಟ್ಟಿ ಊಟ ಮಾಡ್ರಿ, ಗಡಿಗಿ ಮೊಸರ ಐತ್ರಿ." ನೆರಳು ಸಿಕ್ಕಲ್ಲೆಲ್ಲ ಬುಟ್ಟಿ ಇಳಿಸಿ ಕೂತ ಹೆಣ್ಣುಮಕ್ಕಳು. ಮೈಮೇಲೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ತಲೆಮೇಲೆ ಹೊದ್ದ ಕೆಂಪು ಸೆರಗು.

ನೀವೂ ಈ ಕಲ್ಲಿನ ಮೇಲೆ ಕೂತುಕೊಳ್ಳಿ. ಎದುರಿನ ಅಜ್ಜಿ ಬುಟ್ಟಿಯ ಬಟ್ಟೆ ಸರಿಸುತ್ತಾಳೆ. ಬಿಳಿಜೋಳದ ರೊಟ್ಟಿಯ ಸುಟ್ಟ ವಾಸನೆ ಮೊದಲು ಮೂಗಿಗೆ ಬರುತ್ತದೆ, ಹಿಂದೆಯೇ ಎಣ್ಣೆಗಾಯಿಯ ಮಸಾಲೆ, ಶೇಂಗಾ ಹಿಂಡಿಯ ಬೆಳ್ಳುಳ್ಳಿ. ಕೊನೆಗೆ ಬುಟ್ಟಿಯ ತಳದಿಂದ ಅಂಗೈಯಗಲದ ಮಣ್ಣಿನ ಗಡಿಗಿಯೊಂದು ಮೇಲೆ ಬರುತ್ತದೆ. ಮೊಸರಿನ ಮೇಲೆ ಕಂದುಬಣ್ಣಕ್ಕೆ ತಿರುಗಿದ ದಪ್ಪ ಕೆನೆ. ಗಡಿಗಿ ಓರೆ ಮಾಡಿದರೂ ಮೊಸರು ಜಗ್ಗುವುದಿಲ್ಲ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಹೀರಿ ಹೊರಗೆ ಬಿಡುತ್ತವೆ. ಅದು ಆರುವಾಗ ಒಳಗಿನ ಮೊಸರು ಗಟ್ಟಿಯೂ ಆಗುತ್ತದೆ, ತಣ್ಣಗೂ ಇರುತ್ತದೆ.

"ಎಮ್ಮಿ ಹಾಲರೀ. ಕುಳ್ಳಿನ ಬೆಂಕಿ ಮ್ಯಾಲ ಕೆನಿ ಕಟ್ಟೂತನಕ ಕಾಸತೇವಿ. ಬೆಚ್ಚಗಿದ್ದಾಗ ಹೆಪ್ಪ ಹಾಕಿ ಮುಚ್ಚಿಟ್ರ ಮುಗೀತು, ಮುಂಜಾನಿ ತನಕ ಮುಟ್ಟಂಗಿಲ್ಲ, ಅಲುಗಾಡಸಂಗಿಲ್ಲ."

ಅಜ್ಜಿಯ ಈ ಮಾತಿನಲ್ಲಿ ಎಷ್ಟು ತಿಳಿವಳಿಕೆ ಅಡಗಿದೆ ಎಂಬುದನ್ನು ಗಡಿಗಿಯಲ್ಲೇ ನೋಡಬಹುದು. ರೊಟ್ಟಿ ಚೂರಿನಿಂದ ಒಂದಿಷ್ಟು ಮೊಸರು ತೆಗೆಯಿರಿ. ಆ ತಗ್ಗಿನಲ್ಲಿ ನಿಧಾನವಾಗಿ ಒಸರುವ ನೀರಿಗೆ ತೆಳುವಾದ ಹಸಿರು ಬೆರೆತ ಹಳದಿ. ಅದು ರೈಬೊಫ್ಲೇವಿನ್ನಿನ ಬಣ್ಣ, ನಾವು ಬಿ2 ಎನ್ನುವ ಜೀವಸತ್ವ. 1933ರಲ್ಲಿ ಜರ್ಮನಿಯ ರಿಚರ್ಡ್ ಕೂನ್ ಇದನ್ನು ಒಂದು ಗ್ರಾಮಿನಷ್ಟು ಶುದ್ಧವಾಗಿ ಪಡೆಯಲು ಐದು ಸಾವಿರ ಲೀಟರಿಗೂ ಮಿಕ್ಕಿ ಹಾಲು ಬಳಸಬೇಕಾಯಿತು. ಇಷ್ಟು ಅಲ್ಪ ಪ್ರಮಾಣದಲ್ಲಿರುವ ವಸ್ತುವೇ ಹಾಲು ಹೆಪ್ಪಾಗುವ ಕೆಲಸದಲ್ಲಿ ದೊಡ್ಡ ಪಾತ್ರ ವಹಿಸುತ್ತದೆ.

ಹೆಪ್ಪಿನೊಳಗಿನ ಬ್ಯಾಕ್ಟೀರಿಯಾಗಳು ಮನೆಯಿಂದ ಮನೆಗೆ ಬೇರೆ. ಆದರೂ ವಿಜ್ಞಾನಿಗಳು ಬಹಳ ಅಭ್ಯಾಸ ಮಾಡಿದ ಜೋಡಿಯೊಂದಿದೆ: ಮಣಿಸರದಂತೆ ಕಾಣುವ ಸ್ಟ್ರೆಪ್ಟೊಕಾಕಸ್ ಥರ್ಮೋಫಿಲಸ್, ಕಡ್ಡಿಯಾಕಾರದ ಲ್ಯಾಕ್ಟೊಬ್ಯಾಸಿಲಸ್ ಬಲ್ಗಾರಿಕಸ್. ಇವೆರಡಕ್ಕೂ ಬದುಕಲು ಆಮ್ಲಜನಕ ಬೇಡ. ಹಾಲನ್ನು ಕುದಿಸಿದಾಗ ಅದರಲ್ಲಿ ಕರಗಿದ ಗಾಳಿ ಹೊರಟುಹೋಗುತ್ತದೆ ನಿಜ, ಆದರೆ ಆರುವಾಗ, ಗಡಿಗಿಗೆ ಸುರಿಯುವಾಗ ಮತ್ತೆ ಸೇರಿಕೊಳ್ಳುತ್ತದೆ. ಲೀಟರಿಗೆ ಕೆಲವೇ ಮಿಲಿಗ್ರಾಂ. ಅಷ್ಟೇ ಸಾಕು, ಕೆಲಸ ಹಿಂದೆ ಬೀಳಲು.

ಈ ಆಮ್ಲಜನಕವನ್ನು ಕಳೆಯುವ ಹೊಣೆ ಫ್ಲೇವಿನ್ ಕಿಣ್ವಗಳದು. ರೈಬೊಫ್ಲೇವಿನ್ನಿನಿಂದ ಆದ ಹಳದಿ ತುಣುಕೊಂದನ್ನು ಒಡಲಲ್ಲಿ ಇಟ್ಟುಕೊಂಡ ಪ್ರೋಟೀನುಗಳು ಇವು. ಸಕ್ಕರೆಯಿಂದ ಬಂದ ಎಲೆಕ್ಟ್ರಾನುಗಳನ್ನು ತೆಗೆದು ಆಮ್ಲಜನಕಕ್ಕೆ ದಾಟಿಸುತ್ತವೆ. ನಾಲ್ಕು ಎಲೆಕ್ಟ್ರಾನು ದಾಟಿದರೆ ನೀರಾಗುತ್ತದೆ, ಅಲ್ಲಿಗೆ ತೊಂದರೆಯಿಲ್ಲ. ಎರಡೇ ದಾಟಿದರೆ ಆಗುವುದು ಹೈಡ್ರೋಜನ್ ಪೆರಾಕ್ಸೈಡ್, ಗಾಯ ತೊಳೆಯಲು ಬಳಸುವ ಅದೇ ಸುಡುವ ದ್ರವ. ಜೀವಕೋಶದಲ್ಲಿ ಅದು ಕೂಡಿಬಿದ್ದು ಡಿಎನ್‌ಎಯನ್ನೂ ಪ್ರೋಟೀನನ್ನೂ ಹಾಳುಮಾಡುವ ಸ್ಥಿತಿಯನ್ನೇ ಉತ್ಕರ್ಷಣ ಒತ್ತಡ ಎನ್ನುವುದು. ನಮ್ಮ ಕೋಶಗಳಲ್ಲಿ ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಇದೆ. ಮೊಸರಿನ ಈ ಜೀವಿಗಳಲ್ಲಿ ಅದಿಲ್ಲ.

ಥರ್ಮೋಫಿಲಸ್ಸಿನ ಫ್ಲೇವಿನ್ ಕಿಣ್ವ ನೀರು ಮಾಡುವ ಜಾತಿಯದು. ಬಲ್ಗಾರಿಕಸ್ ಮಾತ್ರ ಗಾಳಿ ತಗುಲಿದರೆ ಪೆರಾಕ್ಸೈಡ್ ಮಾಡಿಕೊಂಡು ತನ್ನ ವಿಷಕ್ಕೆ ತಾನೇ ಸಿಕ್ಕುತ್ತದೆ. ಹಾಗಾಗಿ ಮೊದಲು ಮಣಿಸರದ ಜೀವಿ ಹಾಲಿನ ಆಮ್ಲಜನಕವನ್ನು ಬರಿದು ಮಾಡುತ್ತದೆ, ಜತೆಗೆ ಫಾರ್ಮಿಕ್ ಆಮ್ಲ ಕೊಟ್ಟು ಸಂಗಾತಿಯನ್ನು ಬೆಳೆಸುತ್ತದೆ. ಸಂಗಾತಿ ಹಾಲಿನ ಪ್ರೋಟೀನು ಒಡೆದು ಋಣ ತೀರಿಸುತ್ತದೆ. 2014ರಲ್ಲಿ ಜಪಾನಿನ ಸಂಶೋಧಕರು ಥರ್ಮೋಫಿಲಸ್ಸಿನ ಆ ಒಂದು ಕಿಣ್ವದ ಜೀನನ್ನು ತೆಗೆದು ನೋಡಿದರು. ಆಮ್ಲಜನಕ ಹಾಲಿನಲ್ಲೇ ಉಳಿಯಿತು, ಹುಳಿಯೇರುವ ವೇಗ ತಗ್ಗಿತು. ಕಣ್ಣಿಗೆ ಕಾಣದ ಈ ಕೊಡುಕೊಳ್ಳುವಿಕೆಯನ್ನು ನೆನೆದರೆ ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಮುಚ್ಚಿಡಬೇಕು, ಅಲುಗಾಡಿಸಬಾರದು ಎಂದು ಅಜ್ಜಿ ಹೇಳಿದ್ದರಲ್ಲಿ ಇದೂ ಇದೆ: ಕಲಕಿದರೆ ಕಟ್ಟುತ್ತಿರುವ ಗಡ್ಡೆ ಒಡೆಯುತ್ತದೆ, ಗಾಳಿಯೂ ಮತ್ತೆ ಒಳಗೆ ಬರುತ್ತದೆ. ಮುಚ್ಚಿಟ್ಟರೆ ಬಿಸಿಲಿನಿಂದಲೂ ರಕ್ಷೆ, ಬೆಳಕು ಬಿದ್ದರೆ ರೈಬೊಫ್ಲೇವಿನ್ ಕೆಡುತ್ತದೆ. ಲ್ಯಾಕ್ಟೊಬ್ಯಾಸಿಲಸ್ಸುಗಳಲ್ಲಿ ಹಲವು ಅದನ್ನು ತಾವಾಗಿ ಮಾಡಿಕೊಳ್ಳಲಾರವು, ಹಾಲಿನದನ್ನೇ ನೆಚ್ಚಿಕೊಂಡಿವೆ.

ಇತ್ತ ಬುಟ್ಟಿಯ ಮುಂದೆ ಗಿರಾಕಿಗಳು ಬದಲಾಗಿದ್ದಾರೆ. ಬಾಗಲಕೋಟೆಯ ಕಾಲೇಜು ಹುಡುಗರು ಎರಡನೇ ಗಡಿಗಿ ಖಾಲಿ ಮಾಡಿ ಮೂರನೆಯದಕ್ಕೆ ಕೈಚಾಚಿದ್ದಾರೆ. ಹುನಗುಂದದ ಕಡೆಯ ಹೆಣ್ಣುಮಗಳೊಬ್ಬಳು ಗಡಿಗಿಯ ತಳದಲ್ಲಿ ನಾಲ್ಕು ಚಮಚ ಉಳಿಸಿ, "ಯವ್ವಾ, ಇದನ್ನ ಮನೀಗಿ ಒಯ್ದು ಹೆಪ್ಪ ಮಾಡಿಕೊಂಡ್ರ ಆಗತೈತೇನ?" ಎಂದು ಕೇಳುತ್ತಾಳೆ.

"ಆಗತೈತಿ ನನ ಮಗಳ. ಆದ್ರ ಇವತ್ತ ರಾತ್ರಿನ ಹಾಕು. ನಾಕ ದಿನ ಇಟ್ರ ಹುಳಿ ಹೆಚ್ಚಾಗಿ ಮೊಸರ ಕೂಡೂದಿಲ್ಲ."

ಅಜ್ಜಿ ಹೇಳಿದ್ದು ಸರಿ. ಹೆಪ್ಪು ಹಳತಾದಷ್ಟೂ ಹುಳಿ ಏರುತ್ತದೆ. ಹುಳಿಯನ್ನು ಬಲ್ಗಾರಿಕಸ್ಸಿನಷ್ಟು ತಾಳಲಾರದ ಥರ್ಮೋಫಿಲಸ್ ಮೊದಲು ಸೊರಗುತ್ತದೆ. ಆಮೇಲೆ ಹೊಸ ಹಾಲಿನ ಆಮ್ಲಜನಕವನ್ನು ಬೇಗ ಬರಿದು ಮಾಡಲು ಬೇಕಾದಷ್ಟು ಮಣಿಸರಗಳು ಅದರಲ್ಲಿ ಉಳಿದಿರುವುದಿಲ್ಲ.