ಮಗ್ಗದ ಗುಂಡಿಯೊಳಗೆ ಬೇಸಿಗೆ ರಜೆ

ಪೊಳ್ಳಾಚಿಯಿಂದ ಪಲ್ಲಡಂ ಕಡೆಗೆ ಹೋಗುವ ರಸ್ತೆಯಲ್ಲಿ ನೆಗಮಂ ಸಿಗುತ್ತದೆ. ಸುತ್ತ ತೆಂಗಿನ ತೋಟ, ಕೇರಿಯೊಳಗೆ ಕೈಮಗ್ಗದ ಸದ್ದು. ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ, ಹತ್ತಿರದ ಹಳ್ಳಿಯೊಂದರಲ್ಲಿ ದೇವಾಂಗ ನೇಕಾರರ ಮನೆಯ ಬಾಗಿಲಲ್ಲಿ ನಿಂತಾಗ ಒಳಗಿನಿಂದ ‘ಬನ್ನಿ, ಬನ್ನಿ’ ಎಂದು ಕನ್ನಡ ಕೇಳಿಸಿತು. ಕರೆದವರು ಮಾತ್ರ ಕಾಣಲಿಲ್ಲ. ಬಿಸಿಲಿಂದ ಒಳಗೆ ಬಂದ ಕಣ್ಣಿಗೆ ಕತ್ತಲೆ. ಸ್ವಲ್ಪ ಹೊತ್ತಾದ ಮೇಲೆ ಒಂದೊಂದೇ ತೋರತೊಡಗಿತು. ಕಿಟಕಿಯ ಪಕ್ಕದ ಮಗ್ಗದಲ್ಲಿ ತಾಯಿ ಗುಂಡಿಯೊಳಗೆ ಕಾಲಿಳಿಬಿಟ್ಟು ನೇಯುತ್ತಿದ್ದರು. ಗೋಡೆಗೊರಗಿ ಕೂತ ಅಜ್ಜಿ ರಾಟೆ ತಿರುಗಿಸುತ್ತ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ತೊಲೆಗೆ ಕಟ್ಟಿದ ಹಳೆ ಸೀರೆಯ ಜೋಲಿಯಲ್ಲಿ ಕೂಸು ಮಲಗಿತ್ತು. ಜೋಲಿಯ ಹಗ್ಗದ ಇನ್ನೊಂದು ತುದಿ ಅಜ್ಜಿಯ ಕಾಲಿನ ಹೆಬ್ಬೆರಳಿಗೆ ಬಿಗಿದಿತ್ತು. ಬಲಗೈ ರಾಟೆಯ ಮೇಲೆ, ಎಡಗೈ ನೂಲಿನ ಮೇಲೆ, ಹೆಬ್ಬೆರಳು ಕೂಸಿನ ಮೇಲೆ. ಮೂರೂ ತಮ್ಮ ಪಾಡಿಗೆ ನಡೆಯುತ್ತಿದ್ದವು, ಬಾಯಿ ನನ್ನೊಡನೆ ಮಾತಾಡುತ್ತಿತ್ತು.

ಮನೆಯ ಯಜಮಾನರು ನೇಯ್ದ ಸೀರೆ ಒಪ್ಪಿಸಲು ಹೋಗಿದ್ದರು. ಅವರ ಮಗ್ಗ ಖಾಲಿ ಇತ್ತು, ಆದರೆ ಅದರ ಗುಂಡಿ ಖಾಲಿ ಇರಲಿಲ್ಲ. ಅಲ್ಲಿಂದ ಎರಡು ತಲೆ ಮೇಲೆದ್ದು ನನ್ನನ್ನು ನೋಡಿ ಮತ್ತೆ ಮುಳುಗಿದವು. ಒಂದು ಮೂರನೇ ತರಗತಿ ಮುಗಿಸಿದ ಹುಡುಗಿ, ಇನ್ನೊಂದು ನಾಲ್ಕು ವರ್ಷದ ತಮ್ಮ. ರಜೆ ಶುರುವಾದಾಗಿನಿಂದ ಊಟ ಬಿಟ್ಟರೆ ಅಲ್ಲೇ ಇರುತ್ತಾರೆ ಎಂದರು ತಾಯಿ.

ಆ ಗುಂಡಿಯನ್ನು ನಾನು ಬಹಳ ಹೊತ್ತು ನೋಡಿದೆ. ಬಗ್ಗಿ ಒಳಗೋಡೆಗೆ ಅಂಗೈ ಇಟ್ಟೆ. ಹೊರಗೆ ಮಣ್ಣು ಸುಡುತ್ತಿರುವಾಗ ಇಲ್ಲಿ ತಣ್ಣಗೆ, ಸ್ವಲ್ಪ ತೇವವಾಗಿ, ಕೊಡದ ಹೊರಮೈ ಮುಟ್ಟಿದಂತಿತ್ತು. ಬೇಸಿಗೆಯಲ್ಲಿ ಬೆಳಗ್ಗೆ ಸಂಜೆ ಗುಂಡಿಯ ನೆಲಕ್ಕೆ ನೀರು ಚಿಮುಕಿಸುತ್ತಾರಂತೆ. ಅದು ಮಕ್ಕಳ ಸುಖಕ್ಕೆ ಮಾಡುವುದಲ್ಲ, ನೂಲಿಗೆ. ಒಣಗಿದ ಹತ್ತಿ ಎಳೆ ಬೇಗ ತುಂಡಾಗುತ್ತದೆ, ತೇವ ಹಿಡಿದ ಎಳೆ ಗಟ್ಟಿ. ಏಪ್ರಿಲ್‌ನ ಒಣಹವೆಯಲ್ಲಿ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ, ಎಳೆಗಳು ಪಟಪಟ ಕಡಿದರೆ ದಿನವೆಲ್ಲ ಗಂಟು ಹಾಕುವುದರಲ್ಲೇ ಹೋಗುತ್ತದೆ. ಮಣ್ಣಿನ ಗುಂಡಿಯಿಂದ ಏಳುವ ತೇವ ಮೇಲಿರುವ ಆ ಎಳೆಗಳಿಗೆ ತಾಗಿ ಅವನ್ನು ಮೆತ್ತಗಿಡುತ್ತದೆ. ಕೊಯಮತ್ತೂರಿನ ನೂಲಿನ ಗಿರಣಿಗಳು ಗಾಳಿಗೆ ತೇವ ಕೊಡಲು ಯಂತ್ರ ಇಟ್ಟುಕೊಂಡಿರುವುದೂ ಇದೇ ಕಾರಣಕ್ಕೆ. ಬ್ರಿಟಿಷ್ ಉದ್ಯಮಿ ರಾಬರ್ಟ್ ಸ್ಟೇನ್ಸ್ 1888ರಲ್ಲಿ ಅಲ್ಲಿ ಗಿರಣಿ ಹಾಕಿದ, 1932ರಲ್ಲಿ ನೀಲಗಿರಿಯ ಪೈಕಾರಾದ ವಿದ್ಯುತ್ ಬಂದ ಮೇಲೆ ಗಿರಣಿಗಳು ಸಾಲುಗಟ್ಟಿದವು. ಅಷ್ಟೆಲ್ಲ ಆಗುವ ಮೊದಲೇ ನೇಕಾರರು ನೆಲ ಅಗೆದು ಈ ಉಪಾಯ ಕಂಡುಕೊಂಡಿದ್ದರು. ಕಾಲಿನ ಮಣೆ ತುಳಿಯಲು ಜಾಗ ಬೇಕೆಂದೇ ಗುಂಡಿ ತೋಡುವುದು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಅದು ಅರ್ಧ ಮಾತು ಅನ್ನಿಸುತ್ತದೆ.

ಗುಂಡಿಯೊಳಗೆ ಮಕ್ಕಳ ಸಂಸಾರವೇ ಇತ್ತು. ಮೂಲೆ ಮುರಿದ ಒಂದು ಲಾಳಿ, ಅವರಿಗೆ ಅದೇ ಬಸ್ಸು. ಮಾರ್ಚ್‌ನಲ್ಲಿ ಅಜ್ಜಿ ಹುಣಸೆಹಣ್ಣು ಬಿಡಿಸಿದಾಗ ಒಟ್ಟು ಮಾಡಿಕೊಂಡ ಬೀಜ, ಡಬ್ಬಿ ತುಂಬ. ಹಾಸು ಮುಗಿದಾಗ ಉಳಿದ ನೂಲಿನ ತುಂಡುಗಳನ್ನು ಬಣ್ಣದ ಪ್ರಕಾರ ಸುತ್ತಿಟ್ಟ ಉಂಡೆಗಳು. ಹೊಸದಾಗಿ ಸೇರಿದ್ದು ತಾಟಿನುಂಗಿನ ಗಾಡಿ: ತಿಂದು ಖಾಲಿಯಾದ ಎರಡು ಬುರುಡೆಗಳ ನಡುವೆ ಕಡ್ಡಿ ಸಿಕ್ಕಿಸಿ, ಕವಲುಗೋಲಿನಿಂದ ತಳ್ಳುವಂಥದ್ದು. ಮೂರು ದಿನಕ್ಕೆ ಬುರುಡೆ ಒಣಗಿ ಮುರುಟುತ್ತದೆ, ಅಷ್ಟರಲ್ಲಿ ಸೈಕಲ್ಲಿನಲ್ಲಿ ನುಂಗು ಮಾರುವವರು ಮತ್ತೆ ಬಂದಿರುತ್ತಾರೆ. ತಮ್ಮ ಅಂಬೆಗಾಲಿಡುವಾಗ ಎರಡು ಸಲ ಗುಂಡಿಗೆ ಬಿದ್ದಿದ್ದನಂತೆ. ಅಂದಿನಿಂದ ನೇಯ್ಗೆ ನಿಲ್ಲಿಸಿ ಏಳುವಾಗಲೆಲ್ಲ ಗುಂಡಿಯ ಬಾಯಿಗೆ ಹಲಗೆ ಮುಚ್ಚುವ ರೂಢಿ. ಜೋಲಿಯ ಕೂಸು ತೆವಳಲು ಕಲಿತ ಮೇಲೆ ಆ ಹಲಗೆಗೆ ಇನ್ನಷ್ಟು ಕೆಲಸ.

ಈ ಮನೆಯ ವಸಂತಕ್ಕೆ ತನ್ನದೇ ಪಂಚಾಂಗವಿದೆ. ಹುಣಸೆ ಮುಗಿಯುವ ಹೊತ್ತಿಗೆ ಬೇವು ಹೂ ಬಿಡುತ್ತದೆ, ಯುಗಾದಿ ಬರುತ್ತದೆ, ಅಜ್ಜಿ ಬೇವು ಬೆಲ್ಲ ಕೊಡುತ್ತಾರೆ. ಮಕ್ಕಳು ಅದನ್ನು ನುಂಗಿ ಪರೀಕ್ಷೆಗೆ ಓದಲು ಕೂರುತ್ತಾರೆ. ಹೆಚ್ಚು ದಿನ ಕಳೆಯುವುದರೊಳಗೆ ಚಿತ್ತಿರೈ ಒಂದು, ತಮಿಳರ ಹೊಸ ವರ್ಷ. ಪಾಲಕ್ಕಾಡ್ ಪಕ್ಕದಲ್ಲೇ ಇರುವುದರಿಂದ ಈ ಸೀಮೆಯಲ್ಲೂ ಅಂದು ಬೆಳಗ್ಗೆ ಕನ್ನಡಿಯ ಮುಂದೆ ಹಣ್ಣು, ಹೂವು, ದುಡ್ಡು ಇಟ್ಟು ಕಣಿ ನೋಡುತ್ತಾರೆ. ಎರಡು ಹೊಸ ವರ್ಷ, ಎರಡು ಸಲ ಬೇವಿನ ಹೂವು, ಎರಡು ಸಲ ಪಾಯಸ. ಮುಂದೆ ಮಾರಿಯಮ್ಮನ ಜಾತ್ರೆಗಳು. ಯಾವುದು ನಮ್ಮದು, ಯಾವುದು ಅವರದು ಎಂದು ಹುಡುಗಿಯನ್ನು ಕೇಳಿದರೆ ಅವಳು ನನ್ನ ಮುಖ ನೋಡಿದಳು. ಎಲ್ಲವೂ ಅವಳದೇ.

ದೇವಾಂಗರು ಇಲ್ಲಿಗೆ ಯಾವಾಗ ಬಂದರು ಎಂಬುದಕ್ಕೆ ಒಂದೊಂದು ಊರಲ್ಲಿ ಒಂದೊಂದು ಕಥೆ. ಕುಲದ ಮೂಲಪುರುಷ ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ನೂಲು ತಂದದ್ದು, ದಾರಿಯಲ್ಲಿ ಅಡ್ಡಗಟ್ಟಿದ ಅಸುರರಿಂದ ದೇವಿ ಚೌಡೇಶ್ವರಿ ಅವನನ್ನು ಕಾಪಾಡಿದ್ದು ಅವರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. 1565ರಲ್ಲಿ ವಿಜಯನಗರ ಬಿದ್ದ ಮೇಲೆ ಒಟ್ಟಾಗಿ ಹೊರಟು ಬಂದೆವು ಎಂದು ಹಿರಿಯರು ಹೇಳುತ್ತಾರೆ. ಒಂದೇ ಸಲಕ್ಕೆ ಬಂದರೆಂದು ನಾನು ನಂಬಲಾರೆ. ಈ ಸೀಮೆ ಸೇರಿದ ಕೊಂಗುನಾಡನ್ನು ಹೊಯ್ಸಳರು ಆಳಿದ್ದಾರೆ, ಮೈಸೂರಿನವರು 1799ರ ತನಕ ಆಳಿದ್ದಾರೆ. ಮೈಸೂರಿನ ಕಡೆಯಿಂದ ಇಳಿಯುವ ಗಜ್ಜಲಹಟ್ಟಿ ಕಣಿವೆಯ ದಾರಿಯಲ್ಲಿ ಸೈನ್ಯವೂ ಸರಕೂ ಓಡಾಡಿವೆ. ಹತ್ತಿ ಬೆಳೆಯುವ ಕರಿಮಣ್ಣು, ಕೊಳ್ಳುವ ಪೇಟೆ ಇದ್ದ ಕಡೆಗೆ ನೇಕಾರರು ತಲೆಮಾರುಗಟ್ಟಲೆ ಸರಿದು ಬಂದಿರಬೇಕು. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ತನ್ನ ದೊಡ್ಡ ಸಂಪುಟಗಳನ್ನು ಪ್ರಕಟಿಸಿದಾಗ ದೇವಾಂಗರಲ್ಲಿ ಕನ್ನಡದವರು, ತೆಲುಗಿನವರು ಎರಡೂ ಇದ್ದಾರೆಂದು ದಾಖಲಿಸಿದ್ದಾನೆ. ಇಲ್ಲಿನವರು ಕನ್ನಡದವರು, ಇವತ್ತಿಗೂ.

ಇವತ್ತಿಗೂ ಹೇಗೆ ಎಂಬುದೇ ನನ್ನನ್ನು ಕಾಡುವ ಪ್ರಶ್ನೆ. ಮಕ್ಕಳಿಗೆ ಕನ್ನಡ ಅಕ್ಷರ ಬಾರದು, ತಂದೆ ತಾಯಿಗೂ ಬಾರದು. ಶಾಲೆಯಲ್ಲಿ ತಮಿಳು. ರಾಜ್ಯದ 2006ರ ಕಾಯ್ದೆ ಬಂದ ಮೇಲೆ ಒಂದನೇ ತರಗತಿಯಿಂದ ತಮಿಳು ಕಡ್ಡಾಯ. ಬೀದಿಯಲ್ಲಿ ತಮಿಳು, ಟಿವಿಯಲ್ಲಿ ತಮಿಳು. ಆದರೂ ಗುಂಡಿಯೊಳಗೆ ಅಕ್ಕ ತಮ್ಮ ಜಗಳವಾಡಿದ್ದು ಕನ್ನಡದಲ್ಲಿ. ಕಾರಣ ಸಂಘ ಸಂಸ್ಥೆಗಳಲ್ಲಿಲ್ಲ, ಈ ಒಂದು ಕೋಣೆಯಲ್ಲಿದೆ ಎಂಬುದು ನನ್ನ ನಂಬಿಕೆ. ನೇಯುವ ತಾಯಿ, ಸುತ್ತುವ ಅಜ್ಜಿ, ಆಡುವ ಮಕ್ಕಳು ಬೆಳಗಿನಿಂದ ಸಂಜೆಯ ತನಕ ಒಬ್ಬರ ಮಾತು ಒಬ್ಬರ ಕಿವಿಗೆ ಬೀಳುವಷ್ಟು ಹತ್ತಿರ. ಶಾಲೆ ಇರುವಾಗ ಇದು ಸಂಜೆಗೆ ಮಾತ್ರ ದಕ್ಕುತ್ತದೆ. ಬೇಸಿಗೆ ರಜೆಯಲ್ಲಿ ಹಗಲಿಡೀ. ಜೂನ್‌ನಲ್ಲಿ ಶಾಲೆಗೆ ಮರಳುವ ಮಕ್ಕಳ ಕನ್ನಡ ಏಪ್ರಿಲ್‌ಗಿಂತ ದಟ್ಟವಾಗಿರುತ್ತದೆ ಎಂದು ಅಜ್ಜಿಯೇ ಹೇಳಿದರು. ಹುಡುಗಿ ಒಂದು ನೋಟ್‌ಬುಕ್ ತೋರಿಸಿದಳು. ಅಜ್ಜಿ ಹೇಳಿದ ಕಥೆಗಳನ್ನು ಬರೆದಿಟ್ಟಿದ್ದಾಳೆ. ಲಿಪಿ ತಮಿಳು, ಓದಿದರೆ ಕನ್ನಡ. ಅವಳು ಓದಿದಂತೆ ನಾನು ಕೇಳಿದೆ, ಒಂದು ಮಾತೂ ತಪ್ಪಲಿಲ್ಲ.

ಹುಡುಗಿ ನಡುನಡುವೆ ಎದ್ದು ಬಂದು ಒಂದೆರಡು ಕಂಡಿಕೆ ಸುತ್ತಿ ಮತ್ತೆ ಗುಂಡಿಗೆ ಇಳಿಯುತ್ತಿದ್ದಳು. 2016ರ ತಿದ್ದುಪಡಿಯಾದ ಮೇಲೆ ಬಾಲಕಾರ್ಮಿಕ ಕಾನೂನು, ಶಾಲೆಯ ಹೊತ್ತಿನ ಆಚೆ ಮತ್ತು ರಜೆಯಲ್ಲಿ ಮಕ್ಕಳು ಮನೆಯ ಕಸುಬಿಗೆ ನೆರವಾಗುವುದನ್ನು ಒಪ್ಪುತ್ತದೆ. ಈ ರಿಯಾಯಿತಿ ದುರುಪಯೋಗವಾಗುತ್ತದೆ ಎಂಬ ಆತಂಕ ನನಗೂ ಇದೆ, ಸಾಲದ ಹೊರೆ ಇರುವ ಮನೆಯಲ್ಲಿ ಎರಡು ಕಂಡಿಕೆ ಇಪ್ಪತ್ತಾಗಲು ಹೊತ್ತು ಬೇಡ. ಇಲ್ಲಿ ಮಾತ್ರ, ಬೇಸರವಾದಾಗ ಅವಳು ಎದ್ದು ಹೋದಳು, ಯಾರೂ ತಡೆಯಲಿಲ್ಲ.

ಇವರ ನೆಂಟರಲ್ಲಿ ಹಲವರು ಮಗ್ಗ ಬಿಟ್ಟು ತಿರುಪ್ಪೂರಿಗೆ ಹೋಗಿದ್ದಾರೆ. ಬನಿಯನ್ ಕಂಪನಿಯಲ್ಲಿ ವಾರಕ್ಕೊಮ್ಮೆ ಕೈಗೆ ಸಂಬಳ ಬರುತ್ತದೆ, ನೇಯ್ಗೆಯ ಕೂಲಿಗಿಂತ ಹೆಚ್ಚು. ಹೋದವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಒಂದೂವರೆ ಶಿಫ್ಟ್ ಮಾಡಿದರೆ ಬೆಳಗ್ಗೆ ಹೋದವರು ರಾತ್ರಿ ಬರುತ್ತಾರೆ. ರಜೆಯಲ್ಲಿ ಮಕ್ಕಳ ಪಾಲಿಗೆ ಬಾಡಿಗೆಯ ಲೈನ್ ಮನೆ, ಫ್ಯಾನು, ಮೊಬೈಲು. ಅಂಥ ಮಕ್ಕಳಲ್ಲಿ ಕೆಲವರನ್ನು ಮೇ ತಿಂಗಳಿಗೆಂದು ಈ ಅಜ್ಜಿಯ ಬಳಿಗೆ ಕಳಿಸುತ್ತಾರೆ. ಬಂದ ಮೊದಲ ವಾರ ಅವರು ತಮಿಳಿನಲ್ಲೇ ಉತ್ತರ ಕೊಡುತ್ತಾರಂತೆ.

ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರಿಂದ ಕೂಲಿ ಏರಿತೇ ಎಂದು ಕೇಳಿದರೆ ತಾಯಿ ಲಾಳಿ ನಿಲ್ಲಿಸದೆ ತಲೆ ಅಲ್ಲಾಡಿಸಿದರು, ಇಲ್ಲ ಎಂದು. ಅವರಿಗೆ ಹೆಚ್ಚು ಉಪಯೋಗವಾದದ್ದು ಉಚಿತ ವಿದ್ಯುತ್ತು. ತಮಿಳುನಾಡು ಸರ್ಕಾರ ಕೈಮಗ್ಗದವರಿಗೆ ಎರಡು ತಿಂಗಳಿಗೆ 200 ಯೂನಿಟ್ ಉಚಿತ ಕೊಡುತ್ತಿದ್ದದ್ದನ್ನು ಅದೇ ವರ್ಷ 300ಕ್ಕೆ ಏರಿಸಿತು. ಅಜ್ಜಿಯ ಭುಜ ನೋಯುತ್ತಿರುವುದರಿಂದ ರಾಟೆಗೆ ಸಣ್ಣ ಮೋಟರ್ ಕೂರಿಸುವ ಯೋಚನೆ ನಡೆದಿದೆ. ಮೋಟರ್ ಬಂದರೆ ದಿನದ ಕಂಡಿಕೆ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹಾಗಾದರೆ ಉಳಿದ ಹೊತ್ತು ಅಜ್ಜಿ ಏನು ಮಾಡುತ್ತಾರೆ ಎಂದು ನಾನು ಕೇಳುವ ಮೊದಲೇ ಗುಂಡಿಯಿಂದ ಹುಡುಗಿ ಕೂಗಿ ಹೇಳಿದಳು: ನೋಟ್‌ಬುಕ್ಕಿನಲ್ಲಿ ಇನ್ನೂ ಅರ್ಧದಷ್ಟು ಹಾಳೆಗಳು ಖಾಲಿ ಇವೆ, ಶಾಲೆ ತೆರೆಯುವುದರೊಳಗೆ ತುಂಬಿಸಬೇಕು.