ಸ್ಟೆಂಟ್ ಹಾಕಿಸಿ ಮನೆಗೆ ಬಂದ ಮೇಲೆ...

ಬ್ಯಾಡಗಿ ಮೆಣಸಿಲ್ಲದೆ ನಮ್ಮ ಕರಾವಳಿಯ ಅಡುಗೆ ಮನೆ ನಡೆಯದು. ವ್ಯಾಪಾರ, ಹೊಟೇಲ್ ಎಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ನೆಲೆಸಿದ ನಮ್ಮವರೂ ಇದ್ದಾರೆ. ಅಲ್ಲಿ ಹೃದಯದ ದೊಡ್ಡ ಚಿಕಿತ್ಸೆ ಎಂದರೆ ಹೆಚ್ಚಾಗಿ ಹುಬ್ಬಳ್ಳಿ ಇಲ್ಲವೇ ದಾವಣಗೆರೆಯ ದಾರಿ. ಎದೆನೋವು ಬಂದಾಗ ನೇರ ಹೆದ್ದಾರಿ ಹಿಡಿಯುವ ಮೊದಲು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಬೇಕು. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ.

ಆದರೆ ಇಂದು ಹೇಳಬೇಕಾದ ವಿಷಯ ಬೇರೆ. ರಾಣೆಬೆನ್ನೂರಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರಿಗೆ ತೊಡೆಸಂದಿನ ರಕ್ತನಾಳದ ಮೂಲಕ ಸ್ಟೆಂಟ್ ಹಾಕಿದ್ದರು. ಮನೆಗೆ ಬಂದ ಮೂರನೇ ದಿನ ಚುಚ್ಚಿದ ಜಾಗದಲ್ಲಿ ನಿಂಬೆಗಾತ್ರದ ಬಾವು. ಕೈಯಿಟ್ಟರೆ ನಾಡಿಯಂತೆ ಮಿಡಿಯುತ್ತಿತ್ತು. "ಎಣ್ಣೆ ಹಚ್ಚಿ ತಿಕ್ಕಿ, ಇಳಿಯುತ್ತೆ" ಎಂದರು ಒಬ್ಬರು. "ರಕ್ತ ತೆಳು ಮಾಡುವ ಮಾತ್ರೆಯಿಂದಲೇ ಇದು, ನಿಲ್ಲಿಸಿಬಿಡಿ ಕಾಕಾ" ಎಂದರು ಇನ್ನೊಬ್ಬರು. ಮಗಳು ಎರಡನ್ನೂ ಕೇಳದೆ ಆಸ್ಪತ್ರೆಗೆ ಕರೆದೊಯ್ದಳು.

ಚುಚ್ಚಿದ ತೂತು ಮುಚ್ಚದೆ ರಕ್ತ ಸೋರಿ ಪಕ್ಕದಲ್ಲಿ ಚೀಲದಂತೆ ನಿಂತಿತ್ತು. ವೈದ್ಯರು ಇದನ್ನು ಸೂಡೋಅನ್ಯೂರಿಸಂ ಎನ್ನುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ನೋಡುತ್ತಾ ಆ ಚೀಲಕ್ಕೆ ಥ್ರಾಂಬಿನ್ ಇಂಜೆಕ್ಷನ್ ಕೊಟ್ಟು ಹೆಪ್ಪುಗಟ್ಟಿಸಿದರು. ಆಪರೇಷನ್ ಬೇಕಾಗಲಿಲ್ಲ. ತಿಕ್ಕಿದ್ದರೆ ಚೀಲ ಒಡೆಯಬಹುದಿತ್ತು. ಮಾತ್ರೆ ಬಿಟ್ಟಿದ್ದರೆ ಹೊಸ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗಬಹುದಿತ್ತು.

ಅಪರೂಪಕ್ಕೆ ಚಿಕಿತ್ಸೆಯ ನಡುವೆಯೇ ಹೃದಯದ ರಕ್ತನಾಳ ತೂತಾಗುವುದೂ ಉಂಟು. ಆಗ ಒಳಗೆ ಬಲೂನ್ ಉಬ್ಬಿಸಿ ಸೋರಿಕೆ ತಡೆಯುತ್ತಾರೆ, ಅಗತ್ಯ ಬಿದ್ದರೆ ಹೊದಿಕೆಯಿರುವ ಸ್ಟೆಂಟ್ ಇಡುತ್ತಾರೆ. ಹೃದಯದ ಸುತ್ತ ರಕ್ತ ತುಂಬಿದರೆ ಸೂಜಿಯಿಂದ ಹೊರತೆಗೆಯುತ್ತಾರೆ. 1977ರಲ್ಲಿ ಝೂರಿಕ್‌ನಲ್ಲಿ ಗ್ರುಂಟ್‌ಝಿಗ್ ಮೊದಲ ಆಂಜಿಯೋಪ್ಲಾಸ್ಟಿ ಮಾಡಿದಾಗಲೂ ಶಸ್ತ್ರಚಿಕಿತ್ಸಕರು ಸಿದ್ಧರಾಗಿ ನಿಂತಿದ್ದರು. ಆದ್ದರಿಂದ, ತುರ್ತು ಬಂದರೆ ಏನು ವ್ಯವಸ್ಥೆ ಎಂದು ಮೊದಲೇ ಕೇಳುವುದರಲ್ಲಿ ತಪ್ಪಿಲ್ಲ. ಕಿಡ್ನಿ ತೊಂದರೆ, ಅಲರ್ಜಿ, ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯ ಮಾತ್ರೆ ಯಾವುದನ್ನೂ ಮುಚ್ಚಿಡಬೇಡಿ.

ಮನೆಯಲ್ಲಿ ಚುಚ್ಚಿದ ಜಾಗದಿಂದ ರಕ್ತ ಬಂದರೆ ಮಲಗಿಸಿ, ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಿ. ಬಾವು ಬೆಳೆದರೆ, ಕಾಲು ತಣ್ಣಗಾದರೆ, ಸೊಂಟ ಅಥವಾ ಕೆಳಹೊಟ್ಟೆ ನೋವಿನ ಜೊತೆ ತಲೆಸುತ್ತು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ರಮಝಾನ್‌ನಲ್ಲಿ ಉಪವಾಸ ಹಿಡಿಯುವ ಮುನ್ನ ಮಾತ್ರೆಯ ಸಮಯವನ್ನು ವೈದ್ಯರ ಬಳಿಯೇ ಕೇಳಿ. ಸ್ವಂತ ನಿರ್ಧಾರದಿಂದ ಒಂದು ದಿನವೂ ಬಿಡಬೇಡಿ.