ಚಕ್ಕೆಯ ಗುಣ, ಚಕ್ಕೆಯ ಗುರುತು

ಊಟಿಯ ಕಡೆಗೆ ಹೋಗಿಬರುವ ಸದಸ್ಯರಿಗೆ ತೊರಪಳ್ಳಿ ಪರಿಚಿತವಾದ ಊರೇ ಸರಿ. ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು ಕಳೆದು ಕಾಡು ಮುಗಿಯುವಲ್ಲಿ ಈ ಊರು ಸಿಗುತ್ತದೆ, ಮುಂದೆ ಗೂಡಲೂರು. ಚಹಾ, ಕಾಫಿ, ಮೆಣಸು, ಏಲಕ್ಕಿ ಬೆಳೆಯುವ ಸೀಮೆಯಾದ್ದರಿಂದ ಹಿಂದಿರುಗುವಾಗ ಒಂದಿಷ್ಟು ಮಸಾಲೆ ಸಾಮಾನು ಕಟ್ಟಿಸಿಕೊಂಡು ಬರುವವರುಂಟು. ಆ ಪೊಟ್ಟಣದಲ್ಲಿರುವ ಚಕ್ಕೆ, ಅಂದರೆ ದಾಲ್ಚಿನ್ನಿ, ಈಚೆಗೆ ಅಡುಗೆಮನೆಯಿಂದ ಔಷಧದ ಡಬ್ಬಿಗೆ ಬಡ್ತಿ ಪಡೆದಿದೆ. ಸಕ್ಕರೆ ಕಾಯಿಲೆಗೆ ದಿನವೂ ಒಂದು ಚಮಚ ಚಕ್ಕೆ ಪುಡಿ ತಿನ್ನಬೇಕೆಂಬ ಸಲಹೆ ಹಳ್ಳಿಹಳ್ಳಿಗೂ ಮುಟ್ಟಿದೆ. ಆದುದರಿಂದ ಈ ವಿಚಾರವನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ಅಂಗಡಿಯಲ್ಲಿ ಚಕ್ಕೆ ಎಂದು ಕೊಡುವುದು ಒಂದೇ ಮರದ ತೊಗಟೆಯಲ್ಲ. ನಿಜವಾದ ದಾಲ್ಚಿನ್ನಿ ಸಿಂಹಳದ್ದು; ಕೇರಳದಲ್ಲಿಯೂ ಬೆಳೆಯುತ್ತದೆ. ಕಣ್ಣೂರಿನ ಬಳಿಯ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲೇ ಇದರ ದೊಡ್ಡ ತೋಟ ಎದ್ದಿತ್ತು. ಇನ್ನೊಂದು ಕ್ಯಾಸಿಯಾ. ಇದು ಚೀನಾ, ವಿಯೆಟ್ನಾಂ, ಇಂಡೋನೇಷ್ಯಾ ಕಡೆಯ ಸರಕು, ಬೆಲೆಯೂ ಅಗ್ಗ. ನಮ್ಮ ಆಹಾರ ಕಾನೂನಿನಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿಯೇ ಹೆಸರಿಸಿದೆ. ಅಂಗಡಿಯ ತಕ್ಕಡಿಯಲ್ಲಿ ಮಾತ್ರ ಎರಡೂ ಚಕ್ಕೆಯೇ.

ಗುರುತು ಹಿಡಿಯುವುದು ಕಷ್ಟವಲ್ಲ. ನಿಜವಾದ ದಾಲ್ಚಿನ್ನಿ ಕಾಗದದಷ್ಟು ತೆಳುವಾದ ಹಲವು ಪದರಗಳನ್ನು ಸುರುಳಿ ಸುತ್ತಿದಂತಿರುತ್ತದೆ, ಬಣ್ಣ ತಿಳಿ ಕಂದು, ಬೆರಳಲ್ಲೇ ಮುರಿಯುತ್ತದೆ, ವಾಸನೆ ಸೌಮ್ಯ, ಸಿಹಿ. ಕ್ಯಾಸಿಯಾ ಒಂದೇ ಪದರದ ದಪ್ಪ ತೊಗಟೆ, ಗಟ್ಟಿ, ಕೆಂಪು ಮಿಶ್ರಿತ ಕಂದು, ಘಾಟು ಹೆಚ್ಚು. ಪುಡಿಯಾದ ಮೇಲೆ ಕಣ್ಣಿಗೆ ಗೊತ್ತಾಗದು. ಆದ್ದರಿಂದ ಇಡಿ ಚಕ್ಕೆ ಕೊಂಡು ಮನೆಯಲ್ಲೇ ಕುಟ್ಟಿಕೊಳ್ಳುವುದು ಲೇಸು.

ಈ ವ್ಯತ್ಯಾಸಕ್ಕೆ ಇಷ್ಟು ಮಹತ್ವವೇಕೆ? ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಪದಾರ್ಥ ಗಣನೀಯವಾಗಿದೆ. ಅದು ಹೆಚ್ಚಾದರೆ ಕೆಲವರ ಯಕೃತ್ತಿಗೆ ಪೆಟ್ಟು. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ ಮೀರಬಾರದೆಂದು ಯುರೋಪಿನ ಆಹಾರ ಸುರಕ್ಷತಾ ತಜ್ಞರು ಹೇಳಿದ್ದಾರೆ. 60 ಕಿಲೋ ತೂಕದವರಿಗೆ ಇದು 6 ಮಿಲಿಗ್ರಾಂ. ಸುಮಾರು 2 ಗ್ರಾಂ ಕ್ಯಾಸಿಯಾ ಪುಡಿಯಲ್ಲೇ ಅಷ್ಟು ಸೇರಿಹೋಗಬಹುದು. ಒಂದು ಟೀ ಚಮಚ ಪುಡಿ ಎರಡು ಗ್ರಾಂಗಿಂತ ಹೆಚ್ಚೇ ತೂಗುತ್ತದೆ. ನಿಜವಾದ ದಾಲ್ಚಿನ್ನಿಯಲ್ಲಿ ಕೂಮರಿನ್ ಲೇಶಮಾತ್ರ.

ಸಕ್ಕರೆ ಕಾಯಿಲೆಯ ಮಾತಿಗೆ ಬರೋಣ. 2003ರಲ್ಲಿ ಪಾಕಿಸ್ತಾನದಲ್ಲಿ 60 ರೋಗಿಗಳ ಮೇಲೆ 40 ದಿನ ನಡೆದ ಪ್ರಯೋಗದಲ್ಲಿ ರಕ್ತದ ಸಕ್ಕರೆ ಇಳಿದದ್ದು ಕಂಡುಬಂತು, ಸುದ್ದಿ ಹಬ್ಬಿತು. ಆದರೆ 2012ರಲ್ಲಿ ಕಾಕ್ರೇನ್ ಸಂಸ್ಥೆಯ ತಜ್ಞರು 10 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ, ಇದನ್ನು ಚಿಕಿತ್ಸೆಯೆಂದು ಶಿಫಾರಸು ಮಾಡಲು ಸಾಕಷ್ಟು ಆಧಾರವಿಲ್ಲವೆಂದರು. ಚಕ್ಕೆ ಪುಡಿಯನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ಬಿಟ್ಟರೆ ಕಾಲಿನ ಗಾಯ, ಕಣ್ಣು, ಮೂತ್ರಪಿಂಡ ಇವು ಲೆಕ್ಕ ಕೇಳುತ್ತವೆ. ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುವವರು, ಯಕೃತ್ತಿನ ತೊಂದರೆಯವರು, ಗರ್ಭಿಣಿಯರು ಔಷಧದ ಪ್ರಮಾಣದಲ್ಲಿ ಇದನ್ನು ಸೇವಿಸುವ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಅಡುಗೆಯ ಪ್ರಮಾಣಕ್ಕೆ ಇಂಥ ಅಂಜಿಕೆ ಬೇಡ. ವಾಂಗಿಬಾತ್ ಪುಡಿ, ಬಿಸಿಬೇಳೆ ಬಾತು, ಪಲಾವು, ಬಾಡೂಟದ ಮಸಾಲೆ ಇವುಗಳಿಗೆ ಚಕ್ಕೆಯಿಲ್ಲದೆ ಘಮ ಬಾರದು. ನೆಗಡಿಯಾದಾಗ ಬೆರಳಿನ ಗಿಣ್ಣಿನಷ್ಟು ಚಕ್ಕೆ, ನಾಲ್ಕು ಮೆಣಸು, ಒಣಶುಂಠಿ ಜಜ್ಜಿ ಬೆಲ್ಲ ಹಾಕಿ ಕುದಿಸಿದ ಕಷಾಯ ಗಂಟಲಿಗೆ ಹಿತ. ಹೊಟ್ಟೆಯುಬ್ಬರಕ್ಕೂ ಹಿಂದಿನಿಂದ ಕೊಡುತ್ತ ಬಂದಿದ್ದಾರೆ. ಚಕ್ಕೆ ಎಣ್ಣೆ ಮಾತ್ರ ಬಲು ತೀಕ್ಷ್ಣ. ಹಾಗೆಯೇ ಚರ್ಮಕ್ಕೆ ಸವರಿದರೆ ಉರಿಯೇಳುತ್ತದೆ.

ಕಬ್ಬು ಬೆಳೆಗಾರರಿಗೆ ಇದರ ಬೇಸಾಯ ಬೇಗ ಅರ್ಥವಾಗುವಂಥದು. ಇದೂ ಒಂದು ಬಗೆಯ ಕೂಳೆ. ಎರಡು ಮೂರು ವರ್ಷದ ಗಿಡವನ್ನು ನೆಲಮಟ್ಟಕ್ಕೆ ಕಡಿದು ಬುಡಕ್ಕೆ ಮಣ್ಣು ಏರಿಸಿದರೆ ಸುತ್ತಲೂ ಕವಲು ಒಡೆಯುತ್ತವೆ. ಬೆರಳು ಗಾತ್ರದ ಕಡ್ಡಿಗಳನ್ನು ಮಳೆಗಾಲದಲ್ಲಿ, ರಸ ಏರಿದಾಗ ಕತ್ತರಿಸಬೇಕು. ಆಗ ತೊಗಟೆ ಸಲೀಸಾಗಿ ಬಿಡುತ್ತದೆ. ಹೊರ ಸಿಪ್ಪೆ ಹೆರೆದು, ಒಳತೊಗಟೆ ಬಿಡಿಸಿ ನೆರಳಲ್ಲಿ ಒಣಗಿಸಿದರೆ ತಾನೇ ಸುರುಳಿಯಾಗುತ್ತದೆ. ಕಲ್ಲಿಕೋಟೆಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ನವಶ್ರೀ, ನಿತ್ಯಶ್ರೀ ತಳಿಗಳಿವೆ. ಹೆಚ್ಚು ಮಳೆಯ ಸೀಮೆಯ ಗಿಡವಾದ್ದರಿಂದ ನಮ್ಮ ಬಯಲಿನಲ್ಲಿ ಲಾಭದ ಬೆಳೆಯಾಗಿ ಎಣಿಸುವುದು ಬೇಡ. ತೆಂಗಿನ ನೆರಳಲ್ಲಿ, ನೀರು ಹಾಯುವ ಕಡೆ ಎರಡು ಮೂರು ಗಿಡವಿಟ್ಟರೆ ಮನೆಖರ್ಚಿಗೆ ಆದೀತು. ಬೀಜ ಬೇಗ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಹಣ್ಣು ಬಿಡಿಸಿದ ಕೂಡಲೇ ಬಿತ್ತಬೇಕು, ಇಲ್ಲವೇ ಸಸಿಯನ್ನೇ ತರಬೇಕು.